ಎದುರು ಬಾಗಿಲಿನ ಸ್ಕಾಟ್ಲೆಂಡು

ಇಪ್ಪತ್ತೆಂಟು ವರ್ಷಗಳಿಂದ ಮಂಡ್ಯ ಸೀಮೆಯ ಶಾಲೆಗಳಲ್ಲಿ ಪಾಠ ಮಾಡುತ್ತಾ ಬಂದವಳು ನಾನು. ಕನ್ನಡವನ್ನೂ ಕಲಿಸಿದ್ದೇನೆ, ಸಮಾಜವನ್ನೂ ಕಲಿಸಿದ್ದೇನೆ. ಟೀಪು ಸುಲ್ತಾನನನ್ನು ಸೋಲಿಸಿದವರು ಯಾರು ಎಂದು ಕೇಳಿದರೆ ಮಕ್ಕಳು ಒಕ್ಕೊರಲಿನಿಂದ ‘ಇಂಗ್ಲಿಷರು’ ಎನ್ನುತ್ತಿದ್ದರು. ಉತ್ತರಪತ್ರಿಕೆಯಲ್ಲಿ ಕೆಲವರು ‘ಬ್ರಿಟಿಷರು’ ಎಂದು ಬರೆಯುತ್ತಿದ್ದರು. ಎರಡಕ್ಕೂ ನಾನು ಸರಿ ಗುರುತು ಹಾಕುತ್ತಿದ್ದೆ. ಎರಡೂ ಒಂದೇ ಅಲ್ಲವೇ ಎಂಬುದು ನನ್ನ ತಿಳಿವಳಿಕೆ. ಬಿ.ಎ.ಯಲ್ಲಿ ಇತಿಹಾಸ ಓದಿದವಳ ಯೋಗ್ಯತೆ ಇಷ್ಟೇ ಎಂದು ನಗಬೇಡಿ. ನೀವೂ ಬಹುಶಃ ಹಾಗೆಯೇ ಬರೆದು ಪಾಸಾದವರು!

ಮಗಳ ಬಾಣಂತನಕ್ಕೆಂದು ಗ್ಲಾಸ್ಗೋಗೆ ಹೊರಟಾಗಲೂ ಕೇಳಿದವರಿಗೆಲ್ಲ ‘ಇಂಗ್ಲೆಂಡಿಗೆ ಹೋಗ್ತಾ ಇದೀನಿ’ ಎಂದೇ ಹೇಳಿದ್ದೆ. ಮೆಂತ್ಯದ ಹಿಟ್ಟು, ಬಾಣಂತಿ ಲೇಹ್ಯ, ಸಾರಿನ ಪುಡಿ ಎಲ್ಲ ಕಟ್ಟಿಕೊಂಡು ಹೋಗಿ ಇಳಿದದ್ದು ಒಂದು ಹಳೆಯ ಕಲ್ಲಿನ ಕಟ್ಟಡದ ಎರಡನೆಯ ಮಹಡಿಗೆ. ಒಂದೇ ಮೆಟ್ಟಿಲು, ಎದುರುಬದುರು ಬಾಗಿಲು. ಎದುರು ಬಾಗಿಲಿನಲ್ಲಿ ಎಂಬತ್ತರ ಆಸುಪಾಸಿನ ಒಬ್ಬ ಅಜ್ಜಿ ಒಬ್ಬಳೇ ಇದ್ದಳು. ಮಗು ಹುಟ್ಟಿದ ಹತ್ತನೆಯ ದಿನ, ತಾನೇ ಹೆಣೆದ ಉಲ್ಲನ್ ಟೋಪಿ ಹಿಡಿದುಕೊಂಡು ಬಂದಳು. ನಾನು ಚಹಾ ಕೊಟ್ಟು, ಇದ್ದಬದ್ದ ಇಂಗ್ಲಿಷನ್ನೆಲ್ಲ ಒಟ್ಟುಮಾಡಿ, ‘ನೀವು ಇಂಗ್ಲಿಷ್ ಜನ ಬಹಳ ಒಳ್ಳೆಯವರು’ ಎಂದೆ.

ಅಜ್ಜಿ ಕಪ್ಪನ್ನು ಕೆಳಗಿಟ್ಟಳು. ‘ನಾನು ಇಂಗ್ಲಿಷ್ ಅಲ್ಲ, ಹೆನ್’ ಎಂದಳು.

ನನಗೆ ಎರಡು ಪೆಟ್ಟು ಒಟ್ಟಿಗೇ ಬಿದ್ದಂತಾಯಿತು. ಹೊಗಳಿದ್ದು ಬೈಗುಳವಾಯಿತು, ಅದೂ ಸಾಲದೆಂದು ಈಕೆ ನನ್ನನ್ನು ಕೋಳಿ ಎಂದಳಲ್ಲ! ಒಳಗಿನಿಂದ ಮಗಳು ನಗತೊಡಗಿದಳು. ‘ಅಮ್ಮಾ, ಇಲ್ಲಿ ಹೆಂಗಸರನ್ನ ಅಕ್ಕರೆಯಿಂದ ಹಾಗೇ ಕರೆಯೋದು. ನಮ್ಮೂರಲ್ಲಿ ಮಾತಿಗೊಂದು ಸಲ ಕಣವ್ವ ಅನ್ನಲ್ವಾ, ಹಾಗೆ’ ಎಂದಳು.

ಆ ಮೂರು ತಿಂಗಳು ಮಗು ಮಲಗಿದ ಹೊತ್ತಿನಲ್ಲಿ ನಾನು ಮತ್ತೆ ವಿದ್ಯಾರ್ಥಿನಿಯಾದೆ. ಅಳಿಯ ಲೈಬ್ರರಿಯಿಂದ ಪುಸ್ತಕ ತಂದುಕೊಡುತ್ತಿದ್ದರು. ಪುಸ್ತಕದಲ್ಲಿ ತಿಳಿಯದ್ದನ್ನು ಎದುರು ಬಾಗಿಲು ತಟ್ಟಿ ಕೇಳುತ್ತಿದ್ದೆ.

ಮೊದಲು ಹುಡುಕಿದ್ದು ಶ್ರೀರಂಗಪಟ್ಟಣವನ್ನೇ. ಪ್ರತಿವರ್ಷ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಕರ್ನಲ್ ಬೈಲಿಯ ಸೆರೆಮನೆ ತೋರಿಸುತ್ತೇನೆ. ‘ಇಂಗ್ಲಿಷ್ ಕೈದಿಗಳನ್ನು ಇಲ್ಲಿಡುತ್ತಿದ್ದರು’ ಎಂದು ಎಷ್ಟು ಸಲ ಹೇಳಿದ್ದೇನೋ. ಆ ವಿಲಿಯಂ ಬೈಲಿ ಸ್ಕಾಟ್ಲೆಂಡಿನ ಹೈಲ್ಯಾಂಡ್ ಗುಡ್ಡಗಾಡಿನವನು. 1780ರಲ್ಲಿ ಪೊಳ್ಳಿಲೂರಿನ ಕದನದಲ್ಲಿ ಸೆರೆಸಿಕ್ಕು, 1782ರಲ್ಲಿ ನಮ್ಮ ಶ್ರೀರಂಗಪಟ್ಟಣದಲ್ಲೇ ಸತ್ತ. ಅವನ ಜೊತೆ ಸೆರೆಸಿಕ್ಕ ಡೇವಿಡ್ ಬೇರ್ಡ್ ಕೂಡ ಸ್ಕಾಟ್. ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಅದೇ ಕೋಟೆಯಲ್ಲಿ ಬೇಡಿಯಲ್ಲಿದ್ದ. ಮಗನನ್ನು ಇನ್ನೊಬ್ಬನ ಜೊತೆ ಸೇರಿಸಿ ಸಂಕೋಲೆ ಹಾಕಿದ್ದಾರೆಂದು ಕೇಳಿದ ಅವನ ತಾಯಿ, ನಮ್ಮ ಹುಡುಗನ ಜೊತೆ ಸಿಕ್ಕಿಹಾಕಿಕೊಂಡ ಆ ಇನ್ನೊಬ್ಬ ಪಾಪ ಎಂದು ಮರುಗಿದಳೆಂದು ಪ್ರತೀತಿ. 1799ರ ಮೇ 4ರಂದು ಕೋಟೆಯ ಮೇಲೆ ಏರಿಬಂದ ಪಡೆಯ ಮುಂದಿದ್ದವನು ಇದೇ ಬೇರ್ಡ್. ಟೀಪುವಿನ ದೇಹವನ್ನು ಅವನು ಕಂಡ ಗಳಿಗೆಯನ್ನು ಡೇವಿಡ್ ವಿಲ್ಕಿ ಎಂಬ ಸ್ಕಾಟ್ ಕಲಾವಿದ 1839ರಲ್ಲಿ ದೊಡ್ಡ ಚಿತ್ರವಾಗಿ ಬರೆದ. ಬೇರ್ಡನ ಕಾಲಡಿಯಲ್ಲಿ ಸೆರೆಮನೆಯದೊಂದು ಕಿಂಡಿಯನ್ನೂ ಮರೆಯದೆ ಬರೆದಿದ್ದಾನೆ.

ಅಷ್ಟೇ ಅಲ್ಲ. ಬಳ್ಳಾರಿ ಸೀಮೆಯಲ್ಲಿ ಕಂದಾಯ ಕಟ್ಟಿದ ಥಾಮಸ್ ಮನ್ರೋ ಗ್ಲಾಸ್ಗೋದವನು. ನಮ್ಮ ಮೈಸೂರು ಸೀಮೆಯನ್ನು ಅಳೆದು, ಶಾಸನ ಕೈಫಿಯತ್ತುಗಳನ್ನು ಕೂಡಿಸಿದ ಕಾಲಿನ್ ಮೆಕೆಂಜಿ ಲೂಯಿಸ್ ದ್ವೀಪದ ಸ್ಟೋರ್ನೊವೇ ಎಂಬ ಊರಿನವನು. ನಮ್ಮ ಇತಿಹಾಸದ ಆ ಪುಟದಲ್ಲಿ ಇಷ್ಟೊಂದು ಸ್ಕಾಟರು ತುಂಬಿದ್ದರೂ ನಾವು ಅವರಿಗೆ ಅವರ ಹೆಸರನ್ನೇ ಕೊಡಲಿಲ್ಲ. ಅಜ್ಜಿ ಕಪ್ಪನ್ನು ಕೆಳಗಿಟ್ಟದ್ದರಲ್ಲಿ ತಪ್ಪೇನಿದೆ?

ಇನ್ನು ಅವರ ಕಥೆಗೆ ಬರುತ್ತೇನೆ. ಸ್ಕಾಟ್ಲೆಂಡು ತನ್ನದೇ ರಾಜ, ತನ್ನದೇ ಪಾರ್ಲಿಮೆಂಟು ಇದ್ದ ದೇಶ. 1603ರಲ್ಲಿ ಇಂಗ್ಲೆಂಡಿನ ಎಲಿಜಬೆತ್ ರಾಣಿ ಮಕ್ಕಳಿಲ್ಲದೆ ತೀರಿಕೊಂಡಾಗ ಸ್ಕಾಟ್ಲೆಂಡಿನ ರಾಜ ಜೇಮ್ಸನೇ ಅಲ್ಲಿಗೂ ರಾಜನಾದ. ರಾಜ ಒಬ್ಬನೇ ಆದರೂ ದೇಶ ಎರಡೇ ಉಳಿದವು. ಆಮೇಲೆ ಸ್ಕಾಟರು ತಮಗೂ ಒಂದು ವಸಾಹತು ಇರಲೆಂದು ಪನಾಮದ ಡೇರಿಯನ್ ಎಂಬಲ್ಲಿಗೆ 1698ರಲ್ಲಿ ಹಡಗು ಕಳಿಸಿದರು. ಜಮೀನ್ದಾರರಿಂದ ಹಿಡಿದು ಪೇಟೆಯ ವ್ಯಾಪಾರಿಗಳವರೆಗೆ ಹಣ ಹಾಕಿದ್ದರು. ಜ್ವರ, ಹಸಿವು, ಸ್ಪೇನಿನವರ ಕಾಟ, ಇಂಗ್ಲೆಂಡಿನ ಅಸಹಕಾರ ಎಲ್ಲ ಸೇರಿ 1700ರ ಹೊತ್ತಿಗೆ ಅದು ಮಣ್ಣುಪಾಲಾಯಿತು. ಚೀಟಿ ಕಂಪನಿ ಮುಳುಗಿದ ಊರಿನ ಸ್ಥಿತಿಯನ್ನು ಕಂಡವರಿಗೆ ಆ ದೇಶದ ಸ್ಥಿತಿ ಅರ್ಥವಾದೀತು. 1707ರಲ್ಲಿ ಎರಡು ಪಾರ್ಲಿಮೆಂಟುಗಳು ಸೇರಿ ಒಂದಾದವು. ಒಪ್ಪಂದದಲ್ಲಿ ಇಂಗ್ಲೆಂಡು ಕೊಟ್ಟ ಸುಮಾರು 4 ಲಕ್ಷ ಪೌಂಡಿನ ಪರಿಹಾರದಲ್ಲಿ ಡೇರಿಯನ್ನಿನಲ್ಲಿ ಕಳೆದುಕೊಂಡವರ ಪಾಲೂ ಇತ್ತು. ಬೀದಿಯ ಜನ ಮಾತ್ರ ಎಡಿನ್‌ಬರೋದಲ್ಲಿ, ಗ್ಲಾಸ್ಗೋದಲ್ಲಿ ದೊಂಬಿಯೆದ್ದರು.

ಆದರೆ ಸ್ಕಾಟರು ಮನೆ ಬಿಟ್ಟುಕೊಡುವಾಗ ಮೂರು ಕೋಣೆಗಳ ಬೀಗದ ಕೈ ತಮ್ಮಲ್ಲೇ ಇಟ್ಟುಕೊಂಡರು. ತಮ್ಮ ಚರ್ಚು, ತಮ್ಮ ನ್ಯಾಯಾಲಯ, ತಮ್ಮ ಶಾಲೆ. ಇವತ್ತಿಗೂ ಅಲ್ಲಿನ ಕಾನೂನು ಬೇರೆ, ಪರೀಕ್ಷೆ ಬೇರೆ. ನೋಟು ಕೂಡ ಅಲ್ಲಿನ ಮೂರು ಬ್ಯಾಂಕುಗಳು ತಮ್ಮ ಹೆಸರಿನಲ್ಲೇ ಅಚ್ಚು ಹಾಕುತ್ತವೆ. ತರಕಾರಿ ಅಂಗಡಿಯಲ್ಲಿ ಚಿಲ್ಲರೆಯಾಗಿ ಬಂದ ಐದು ಪೌಂಡಿನ ನೋಟಿನಲ್ಲಿ ರಾಣಿಯಿರಲಿಲ್ಲ, ತಲೆಗೆ ಪಟ್ಟಿ ಕಟ್ಟಿದ ಒಬ್ಬ ಹೆಂಗಸಿದ್ದಳು. ಯಾರೆಂದು ಕೇಳಿದರೆ ನ್ಯಾನ್ ಶೆಪರ್ಡ್ ಎಂಬ ಲೇಖಕಿ. ಅಬರ್ಡೀನಿನಲ್ಲಿ ಶಿಕ್ಷಕರ ತರಬೇತಿ ಕಾಲೇಜಿನ ಅಧ್ಯಾಪಕಿಯಾಗಿದ್ದವಳು! ಬಿ.ಎಡ್. ಮಾಡಿಸುವ ಟೀಚರ್ ನೋಟಿನ ಮೇಲೆ. ಆ ನೋಟನ್ನು ಖರ್ಚು ಮಾಡಲು ನನಗೆ ಮನಸ್ಸೇ ಬರಲಿಲ್ಲ.

ಗುಡ್ಡಗಾಡಿನ ಹೈಲ್ಯಾಂಡಿನವರ ಕಥೆ ಮಾತ್ರ ಬೇರೆ. ಅವರು ಗೇಲಿಕ್ ಭಾಷೆಯವರು. ಪದಚ್ಯುತನಾದ ಹಳೆಯ ರಾಜವಂಶದ ಪರವಾಗಿ ಅವರಲ್ಲಿ ಅನೇಕರು ದಂಗೆಯೆದ್ದು, 1746ರ ಏಪ್ರಿಲಿನಲ್ಲಿ ಕಲೋಡನ್ ಬಯಲಿನಲ್ಲಿ ಸೋತರು. ಅವರ ಎದುರಿಗಿದ್ದ ಸರ್ಕಾರದ ಸೈನ್ಯದಲ್ಲೂ ಸ್ಕಾಟರಿದ್ದರು ಎಂಬುದನ್ನು ಮರೆಯಬಾರದು. ಸೋತವರ ಮೇಲೆ ಬಂದ ಕಾನೂನುಗಳಲ್ಲಿ ಒಂದು ಉಡುಪಿನ ಮೇಲೆ. ಗಂಡಸರು ಚೌಕುಳಿ ಬಟ್ಟೆಯ ಕಿಲ್ಟ್ ಉಡುವಂತಿಲ್ಲ. 1782ರವರೆಗೆ ಆ ನಿಷೇಧವಿತ್ತು. ಆದರೆ ರಾಜನ ಸೈನ್ಯಕ್ಕೆ ಸೇರಿದರೆ ಉಡಬಹುದು. ನಿನ್ನ ಬಟ್ಟೆ ನಿನಗೆ ಬೇಕಾದರೆ ನಮ್ಮ ಯುದ್ಧಕ್ಕೆ ಬಾ ಎಂದ ಹಾಗೆ. ‘ಗಂಡಸರು ಲಂಗ ಉಡೋ ದೇಶ’ ಎಂದು ನಮ್ಮ ಸ್ಟಾಫ್‌ ರೂಮಿನಲ್ಲಿ ನಕ್ಕದ್ದು ನೆನಪಾಗಿ ನಾಚಿಕೆಯಾಯಿತು.

ಆಮೇಲೆ ಕುರಿಗಳು ಬಂದವು. ಕುರಿ ಸಾಕಿದರೆ ಉಣ್ಣೆಯ ಲಾಭ ಹೆಚ್ಚೆಂದು ಜಮೀನ್ದಾರರು ಒಕ್ಕಲನ್ನು ಎಬ್ಬಿಸಿದರು. ಸದರ್ಲೆಂಡ್ ಸೀಮೆಯ ಒಡತಿ ಒಬ್ಬ ಹೆಂಗಸೇ. ಅವಳ ಜಹಗೀರಿನ ಸ್ಟ್ರಾತ್‌ನೇವರ್ ಕಣಿವೆಯಲ್ಲಿ 1814ರಲ್ಲಿ ಮನೆಗಳ ತೊಲೆಜಂತಿಗಳಿಗೆ ಬೆಂಕಿಯಿಟ್ಟರು. ಅದರ ಮೇಲ್ವಿಚಾರಕ ಪ್ಯಾಟ್ರಿಕ್ ಸೆಲ್ಲರನ ಮೇಲೆ 1816ರಲ್ಲಿ ಮೊಕದ್ದಮೆ ನಡೆದು, ಅವನು ಬಿಡುಗಡೆಯಾದ. ಜನ ಸಮುದ್ರದಂಚಿಗೆ ಹೋದರು, ಕೆನಡಾಕ್ಕೆ ಹೋದರು, ಗ್ಲಾಸ್ಗೋದ ಕಾರ್ಖಾನೆಗಳಿಗೆ ಹೋದರು. ಗಂಡುಮಕ್ಕಳು ಸೈನ್ಯಕ್ಕೂ ಹೋದರು. ಒಕ್ಕಲೆಬ್ಬಿಸುವ ಕಾಲದಲ್ಲೇ ಹೈಲ್ಯಾಂಡ್ ಸಿಪಾಯಿಗಳು ನಮ್ಮ ಕಾವೇರಿ ದಾಟಿ ನಮ್ಮ ಕೋಟೆ ಹತ್ತಿದ್ದರು ಎಂಬುದು ನನ್ನನ್ನು ಬಹಳ ದಿನ ಕಾಡಿತು. ಮನೆ ಕಳೆದುಕೊಂಡವರೇ ಇನ್ನೊಬ್ಬರ ಮನೆ ಮುರಿಯುವ ಆಳುಗಳಾಗುತ್ತಾರೆ. ಗ್ಲಾಸ್ಗೋದ ದೊಡ್ಡ ದೊಡ್ಡ ಕಟ್ಟಡಗಳ ಹಿಂದೆ ಗುಲಾಮರು ಬೆಳೆದ ತಂಬಾಕು ಮತ್ತು ಸಕ್ಕರೆಯ ದುಡ್ಡಿದೆ. ಅದಕ್ಕಾಗಿ ಆ ನಗರದ ಕೌನ್ಸಿಲು 2022ರಲ್ಲಿ ಕ್ಷಮೆ ಕೇಳಿತು. ತಾವು ನೊಂದವರೆಂಬ ನೆನಪಿನ ಜೊತೆಗೆ ನೋಯಿಸಿದವರೆಂಬ ನೆನಪನ್ನೂ ಇಟ್ಟುಕೊಳ್ಳುವುದು ಯಾವ ಜನಾಂಗಕ್ಕೂ ಸುಲಭವಲ್ಲ.

ಈ ಕಥೆಯಲ್ಲಿ ನನ್ನ ಮನಸ್ಸು ನೆಟ್ಟದ್ದು ಇಬ್ಬರು ಮೇರಿಯರ ಮೇಲೆ. ಒಬ್ಬಳು ಸ್ಕೈ ದ್ವೀಪದ ಮೇರಿ ಮ್ಯಾಕ್‌ಫರ್ಸನ್. 1821ರಲ್ಲಿ ಹುಟ್ಟಿದವಳು, ವಿಧವೆ, ಪರರ ಮನೆಯಲ್ಲಿ ದುಡಿಯುತ್ತಿದ್ದವಳು. 1872ರಲ್ಲಿ ಕಳ್ಳತನದ ಆರೋಪ ಹೊರಿಸಿ ಜೈಲಿಗೆ ಹಾಕಿದರು. ತಾನು ಕದ್ದಿಲ್ಲವೆಂಬ ಸಂಕಟದಲ್ಲಿ ಅವಳು ಹಾಡು ಕಟ್ಟತೊಡಗಿದಳು. ಆಗ ಅವಳಿಗೆ ಐವತ್ತು ದಾಟಿತ್ತು. ಗೇಲಿಕ್ ಓದಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಅವಳು ಹೇಳಿದ್ದನ್ನು ಬೇರೆಯವರು ಬರೆದುಕೊಂಡು 1891ರಲ್ಲಿ ಪುಸ್ತಕವಾಯಿತು. ಸ್ಕೈ ದ್ವೀಪದ ರೈತರು 1882ರಲ್ಲಿ ಬ್ರೇಸ್ ಎಂಬಲ್ಲಿ ಪೊಲೀಸರನ್ನು ಎದುರಿಸಿ ನಿಂತಾಗ ಕಲ್ಲು ಹಿಡಿದು ಮುಂದೆ ನಿಂತವರು ಹೆಂಗಸರು. 1886ರಲ್ಲಿ ಒಕ್ಕಲಿಗೆ ಭದ್ರತೆ ಕೊಡುವ ಕಾಯಿದೆ ಬಂತು. ಆ ಹೋರಾಟದ ಸಭೆಗಳಲ್ಲೆಲ್ಲ ಮೇರಿಯ ಹಾಡು. ಐವತ್ತಾದ ಮೇಲೆ ಇನ್ನೇನಿದೆ ಎನ್ನುವ ನಮ್ಮಂಥವರು ಅವಳನ್ನು ನೆನೆಯಬೇಕು.

ಇನ್ನೊಬ್ಬಳನ್ನು ಅಜ್ಜಿಯೇ ತೋರಿಸಿದಳು. ಒಂದು ಮಧ್ಯಾಹ್ನ ನನ್ನನ್ನು ಗೋವನ್ ಎಂಬ ಬಡಾವಣೆಗೆ ಕರೆದುಕೊಂಡು ಹೋದಳು. ಅವಳು ಹುಟ್ಟಿ ಬೆಳೆದ ಜಾಗ. ರೈಲು ನಿಲ್ದಾಣದ ಎದುರಿಗೇ ಒಂದು ಕಂಚಿನ ಪ್ರತಿಮೆ. ಮುಂದೆ ಒಬ್ಬ ಹೆಂಗಸು, ಹಿಂದೆ ಸಾಲಾಗಿ ಜನ. ಅವಳೇ ಮೇರಿ ಬಾರ್ಬರ್. 1915ರಲ್ಲಿ ಗಂಡಸರು ಯುದ್ಧಕ್ಕೆ ಹೋಗಿದ್ದಾಗ, ಹಡಗು ಕಟ್ಟುವ ಕೆಲಸಕ್ಕೆ ಜನ ನುಗ್ಗಿದ್ದನ್ನು ಕಂಡು ಮಾಲೀಕರು ಮನೆಬಾಡಿಗೆ ಏರಿಸಿದರು. ಹೆಂಗಸರು ಹೆಚ್ಚಿನ ಬಾಡಿಗೆ ಕೊಡುವುದಿಲ್ಲವೆಂದರು. ಮನೆ ಖಾಲಿ ಮಾಡಿಸಲು ಅಮೀನರು ಬಂದರೆ ಮೆಟ್ಟಿಲ ಬಳಿ ಕಾವಲಿದ್ದವಳು ಗಂಟೆ ಬಾರಿಸಬೇಕು. ಒಡನೆ ಮಹಡಿ ಮಹಡಿಯಿಂದ ಹೆಂಗಸರು ಇಳಿದು ಬಂದು, ಕೈಗೆ ಸಿಕ್ಕ ಹಿಟ್ಟು, ಒದ್ದೆ ಬಟ್ಟೆ ಎಸೆದು ಓಡಿಸಬೇಕು. ನವೆಂಬರಿನ ಹೊತ್ತಿಗೆ ಸುಮಾರು 20,000 ಮನೆಗಳವರು ಸೇರಿದ್ದರು. ವರ್ಷ ಮುಗಿಯುವುದರೊಳಗೆ ಸರ್ಕಾರ ಬಾಡಿಗೆಯನ್ನು ಯುದ್ಧಕ್ಕೆ ಹಿಂದಿನ ಮಟ್ಟಕ್ಕೆ ಇಳಿಸುವ ಕಾಯಿದೆ ಮಾಡಿತು. ಅಜ್ಜಿಯ ತಾಯಿ ಆಗ ಏಳು ವರ್ಷದವಳು, ಆ ಗಂಟೆಯ ಸದ್ದನ್ನು ಸಾಯುವವರೆಗೂ ನೆನೆಯುತ್ತಿದ್ದಳಂತೆ. ಈ ಪ್ರತಿಮೆ ನಿಂತದ್ದು ಮಾತ್ರ 2018ರಲ್ಲಿ, ಮಹಿಳಾ ದಿನದಂದು.

ಪ್ರತಿಮೆಯ ಹತ್ತಿರದ ಬೆಂಚಿನ ಮೇಲೆ ಕೂತಾಗ ಅಜ್ಜಿ ನನ್ನ ಕೆಲಸ ಏನೆಂದು ಕೇಳಿದಳು. ಟೀಚರ್ ಎಂದೆ. ಅವಳು ನಕ್ಕು ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು ನನ್ನ ಮುಂದೆ ಚಾಚಿದಳು. ಹೊಡೆಸಿಕೊಳ್ಳುವ ಮಕ್ಕಳು ನಿಲ್ಲುತ್ತಿದ್ದ ರೀತಿ ಅದು. ಸ್ಕಾಟ್ಲೆಂಡಿನ ಶಾಲೆಗಳಲ್ಲಿ ಬೆತ್ತವಲ್ಲ, ಚರ್ಮದ ಪಟ್ಟಿ. ತುದಿಯಲ್ಲಿ ಸೀಳಿದ ದಪ್ಪ ಬೆಲ್ಟು. ಲಾಕ್‌ಗೆಲಿ ಎಂಬ ಊರಿನಲ್ಲಿ ಅದನ್ನು ಮಾಡುವವರೇ ಇದ್ದರಂತೆ. ‘ಯಾಕೆ ಹೊಡೆದರು?’ ಎಂದೆ. ‘ಯೆಸ್ ಅನ್ನುವ ಕಡೆ ಆಯ್ ಅಂದೆ’ ಎಂದಳು. ಅಷ್ಟೇ. ಮನೆಯಲ್ಲಿ ಎಲ್ಲರೂ ಹೌದು ಎನ್ನಲು ‘ಆಯ್’ ಎನ್ನುತ್ತಾರೆ, ಮಗುವಿಗೆ ‘ವೇನ್’ ಎನ್ನುತ್ತಾರೆ. ಅದು ಸ್ಕಾಟ್ಸ್ ಭಾಷೆ. ರಾಬರ್ಟ್ ಬರ್ನ್ಸ್ ಕವಿ ಪದ್ಯ ಬರೆದದ್ದು ಅದೇ ನುಡಿಯಲ್ಲಿ. ಜನವರಿ 25ರಂದು ಅವನ ಹುಟ್ಟುಹಬ್ಬಕ್ಕೆ ಶಾಲೆಯಲ್ಲಿ ಆ ಪದ್ಯಗಳನ್ನು ಹಾಡಿಸಿ ಬಹುಮಾನ ಕೊಡುತ್ತಿದ್ದರು. ಮಾರನೆಯ ದಿನ ಅದೇ ಮಾತನ್ನು ತರಗತಿಯಲ್ಲಿ ಆಡಿದರೆ ಬೆಲ್ಟು.

ಗೇಲಿಕ್ಕಿನ ಪಾಡು ಇನ್ನೂ ಕಷ್ಟದ್ದು. ಎಲ್ಲ ಮಕ್ಕಳೂ ಶಾಲೆಗೆ ಬರಬೇಕೆಂದು 1872ರಲ್ಲಿ ಒಳ್ಳೆಯ ಕಾಯಿದೆ ಬಂತು. ಅದರಲ್ಲಿ ಗೇಲಿಕ್ಕಿನ ಹೆಸರೇ ಇರಲಿಲ್ಲ. ಸ್ಕಾಟ್ಲೆಂಡಿನ ಹೆಸರು ಉಳಿಸಿದ ಮೂರು ಬೀಗದ ಕೈಗಳಲ್ಲಿ ಶಾಲೆಯೂ ಒಂದು ಎಂದೆನಲ್ಲ, ಆ ಶಾಲೆಯೇ ಮಕ್ಕಳ ಮನೆಮಾತನ್ನು ಹೊರಗೆ ನಿಲ್ಲಿಸಿತು. ಬೇರೆ ಯಾರೋ ಬಂದು ಮಾಡಿದ್ದಲ್ಲ ಇದು. ಬೆಲ್ಟು ಹಿಡಿದವರು ಅದೇ ಊರಿನ ಟೀಚರುಗಳು, ಮಕ್ಕಳು ಮುಂದೆ ಬರಲಿ ಎಂದು ನಿಜವಾಗಿ ಬಯಸಿದವರು.

ನಾನು ಬೆಂಚಿನ ಮೇಲೆ ತಲೆ ತಗ್ಗಿಸಿದೆ. ಅಜ್ಜಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ಆರನೆಯ ತರಗತಿಯ ಒಬ್ಬ ಹುಡುಗಿ ಬೆಳಿಗ್ಗೆ ಓಡಿಬಂದು, ‘ಮಿಸ್ಸು, ನಮ್ಮ ಅಸ ಈದದೆ, ಗಿಣ್ಣ ತಂದಿವ್ನಿ’ ಎಂದು ಡಬ್ಬಿ ಚಾಚಿದಳು. ನಮ್ಮ ಕಡೆ ಹಕಾರ ಬಾಯಿಗೆ ಬರುವುದಿಲ್ಲ. ಹಸ ಅಸವಾಗುತ್ತದೆ, ಹಾಲು ಆಲಾಗುತ್ತದೆ. ನಾನು ಡಬ್ಬಿ ನೋಡಲಿಲ್ಲ. ‘ಅಸ ಅಲ್ಲ ಕಣೇ, ಹಸು. ಹೇಳು, ಹಸು’ ಎಂದೆ. ಅವಳಿಗೆ ಬರಲಿಲ್ಲ. ಮತ್ತೆ ಹೇಳಿಸಿದೆ, ತರಗತಿಯೆಲ್ಲ ನಗುವವರೆಗೆ ಹೇಳಿಸಿದೆ. ಸ್ಕೇಲಿನಿಂದ ಅಂಗೈ ಮೇಲೆ ಎರಡು ಕೊಟ್ಟು, ನೂರು ಸಲ ಬರೆದುಕೊಂಡು ಬಾ ಎಂದೆ. ಬರೆದುಕೊಂಡು ಬಂದಳು, ಅಕ್ಷರ ದುಂಡಗಿತ್ತು. ಆಮೇಲೆ ಆ ವರ್ಷ ಅವಳು ತರಗತಿಯಲ್ಲಿ ಕೈ ಎತ್ತಲಿಲ್ಲ. ಏಳನೆಯ ತರಗತಿಗೆ ಬರಲೂ ಇಲ್ಲ. ಬಾರದಿರಲು ಮನೆಯ ಕಾರಣ ಇದ್ದಿರಬಹುದು. ಆದರೆ ಗಿಣ್ಣದ ಡಬ್ಬಿ ಸಂಜೆಯವರೆಗೂ ಕಿಟಕಿಯ ಮೇಲೆ ಹಾಗೇ ಇದ್ದದ್ದು ನನಗೆ ನೆನಪಿದೆ. ಒಂದು ಮನೆಯ ಸಂತೋಷದ ಸುದ್ದಿ ನನ್ನ ಕಿವಿಗೆ ಕೇಳಿಸಲೇ ಇಲ್ಲ, ಒಂದು ಹಕಾರ ಇಲ್ಲದ್ದು ಮಾತ್ರ ಕೇಳಿಸಿತು.

ಸ್ಕಾಟ್ಲೆಂಡಿನಲ್ಲಿ ಆ ಬೆಲ್ಟನ್ನು ಕೆಳಗಿಳಿಸಿದವರು ಇಬ್ಬರು ತಾಯಂದಿರು. ಗ್ರೇಸ್ ಕ್ಯಾಂಪ್‌ಬೆಲ್ ಮತ್ತು ಜೇನ್ ಕೋಸನ್ಸ್. ನಮ್ಮ ಮಕ್ಕಳಿಗೆ ಹೊಡೆಯುವುದು ನಮಗೆ ಒಪ್ಪಿಗೆಯಿಲ್ಲ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋದರು. 1982ರಲ್ಲಿ ಗೆದ್ದರು. 1987ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಬೆಲ್ಟು ನಿಂತಿತು.

ಆ ದಿನಗಳಲ್ಲೇ ಆ ಜನ ತಮ್ಮ ಹೆಸರನ್ನು ಮತ್ತೆ ಕೇಳತೊಡಗಿದ್ದರು. ಸ್ಕಾಟ್ ರಾಜರು ಪಟ್ಟಕ್ಕೆ ಕೂರುತ್ತಿದ್ದ ಕಲ್ಲೊಂದನ್ನು 1296ರಲ್ಲಿ ಇಂಗ್ಲಿಷ್ ರಾಜ ಲಂಡನ್ನಿಗೆ ಒಯ್ದಿದ್ದ. 1950ರ ಕ್ರಿಸ್‌ಮಸ್ ದಿನ ನಾಲ್ವರು ಯುವಜನರು ಅದನ್ನು ವೆಸ್ಟ್‌ಮಿನ್ಸ್ಟರ್ ಅಬೆಯಿಂದ ಎತ್ತಿಕೊಂಡು ಹೋದರು. ಅವರಲ್ಲಿ ಒಬ್ಬಳು ಹುಡುಗಿ, ಕೇ ಮ್ಯಾಥೆಸನ್, ಗೇಲಿಕ್ ಮನೆಮಾತಿನವಳು, ಮುಂದೆ ಟೀಚರ್ ಆಗಿಯೇ ಬಾಳಿದವಳು. ಕಲ್ಲು ಮತ್ತೆ ಲಂಡನ್ನಿಗೆ ಹೋಯಿತು, 1996ರಲ್ಲಿ ಸರ್ಕಾರವೇ ಅದನ್ನು ಸ್ಕಾಟ್ಲೆಂಡಿಗೆ ಕಳಿಸಿತು. 1979ರಲ್ಲಿ ತಮ್ಮದೇ ಸಭೆ ಬೇಕೇ ಎಂದು ಮತ ಕೇಳಿದಾಗ ಶೇಕಡಾ 51.6 ಜನ ಬೇಕೆಂದರು. ಆದರೆ ಒಟ್ಟು ಮತದಾರರಲ್ಲಿ ಶೇಕಡಾ 40 ಒಪ್ಪಬೇಕೆಂಬ ನಿಯಮದಿಂದ ಅದು ಬಿದ್ದುಹೋಯಿತು. 1997ರಲ್ಲಿ ಶೇಕಡಾ 74 ಜನ ಬೇಕೆಂದರು. 1999ರಲ್ಲಿ ಎಡಿನ್‌ಬರೋದಲ್ಲಿ ಪಾರ್ಲಿಮೆಂಟು ಸೇರಿದಾಗ ಹಿರಿಯ ಸದಸ್ಯೆ ವಿನಿ ಯೂಯಿಂಗ್ ಎಂಬಾಕೆ, 1707ರಲ್ಲಿ ಮುಂದೂಡಿದ ಸಭೆ ಈಗ ಮತ್ತೆ ಸೇರಿದೆ ಎಂದು ಘೋಷಿಸಿದಳು. ಉದ್ಘಾಟನೆಯ ದಿನ ಶೀನಾ ವೆಲಿಂಗ್ಟನ್ ಎಂಬ ಗಾಯಕಿ ಬರ್ನ್ಸನ ಹಾಡೊಂದನ್ನು ಹಾಡಿದಳು. ಅಜ್ಜಿಯ ಅಂಗೈಗೆ ಪೆಟ್ಟು ತಂದ ಅದೇ ನುಡಿಯಲ್ಲಿ! ಟಿ.ವಿ.ಯಲ್ಲಿ ಅದನ್ನು ನೋಡಿ ಅತ್ತೆನೆಂದು ಅಜ್ಜಿ ಹೇಳಿದಳು. 2025ರಲ್ಲಿ ಆ ಪಾರ್ಲಿಮೆಂಟು ಗೇಲಿಕ್ ಮತ್ತು ಸ್ಕಾಟ್ಸ್ ಎರಡಕ್ಕೂ ಅಧಿಕೃತ ಭಾಷೆಯ ಸ್ಥಾನ ಕೊಡುವ ಕಾಯಿದೆ ಮಾಡಿತು. ಆದರೆ 2022ರ ಜನಗಣತಿಯಲ್ಲಿ ಗೇಲಿಕ್ ಸ್ವಲ್ಪವಾದರೂ ಬಲ್ಲವರು ಸುಮಾರು 1 ಲಕ್ಷ 30 ಸಾವಿರ ಮಾತ್ರ.

2014ರ ಸೆಪ್ಟೆಂಬರಿನಲ್ಲಿ ಬೇರೆಯೇ ದೇಶವಾಗಬೇಕೇ ಎಂದು ಮತ ಕೇಳಿದರು. ಹದಿನಾರು ತುಂಬಿದ ಮಕ್ಕಳಿಗೂ ಮತವಿತ್ತು. ಶೇಕಡಾ 55 ಜನ ಬೇಡವೆಂದರು, 45 ಜನ ಬೇಕೆಂದರು. ‘ನೀವು?’ ಎಂದು ಕೇಳಿದೆ. ‘ನಾನು ಬೇಡ ಅಂದೆ, ನನ್ನ ಮಗ ಬೇಕು ಅಂದ. ಒಂದು ತಿಂಗಳು ಅವನು ಫೋನ್ ಮಾಡಲಿಲ್ಲ’ ಎಂದಳು. ನನಗೆ ಆಶ್ಚರ್ಯವಾಯಿತು. ಇಂಗ್ಲಿಷ್ ಎಂದದ್ದಕ್ಕೆ ಕಪ್ಪು ಕೆಳಗಿಟ್ಟವಳು ಇವಳೇ ಅಲ್ಲವೇ? ಅವಳು ಹೇಳಿದಳು: ‘ಪಿಂಚಣಿಯ ಚಿಂತೆ ಬೇರೆ, ನಾನು ಯಾರು ಅನ್ನೋದು ಬೇರೆ, ಹೆನ್.’

ಇಷ್ಟು ಪುಸ್ತಕ ಓದಿದ ಮೇಲೂ ಇದಕ್ಕಿಂತ ಸ್ಪಷ್ಟವಾದ ಮಾತು ನನಗೆ ಸಿಗಲಿಲ್ಲ. ಒಟ್ಟಿಗಿರುವುದೋ ಬೇರೆಯಾಗುವುದೋ ಎಂಬುದು ಮತಪೆಟ್ಟಿಗೆಯ ವಿಷಯ, ಅದರಲ್ಲಿ ತಾಯಿ ಮಗನಿಗೇ ಹೊಂದಲಿಲ್ಲ. ನಾನು ಯಾರು ಎಂಬುದು ಮಾತ್ರ ಮೊದಲು ಮನೆಮಾತಿನಲ್ಲಿ ಹುಟ್ಟುತ್ತದೆ. ಅದನ್ನು ಬೆಳೆಯಗೊಡುವವಳೂ ಕುಗ್ಗಿಸುವವಳೂ ಬಹುಮಟ್ಟಿಗೆ ತರಗತಿಯಲ್ಲಿ ಕರಿಹಲಗೆಯ ಮುಂದೆ ನಿಂತವಳು. ಬರವಣಿಗೆಗೆ ಹಕಾರ ಬೇಕು, ಅದನ್ನು ನಾನು ಈಗಲೂ ಕಲಿಸುತ್ತೇನೆ. ಆದರೆ ಇನ್ನೊಂದು ರೂಪವನ್ನು ಕಲಿಸುವುದು ಬೇರೆ, ನಿನ್ನ ಅವ್ವನ ಮಾತೇ ತಪ್ಪು ಎನ್ನುವುದು ಬೇರೆ.

ಊರಿಗೆ ಬಂದ ಮೇಲೆ ಡಿಸೆಂಬರಿನಲ್ಲಿ ಮಕ್ಕಳನ್ನು ಮತ್ತೆ ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋದೆ. ಬೈಲಿಯ ಸೆರೆಮನೆಯ ಮೆಟ್ಟಿಲಿಳಿದು, ಇಲ್ಲಿದ್ದವರೆಲ್ಲ ಇಂಗ್ಲಿಷರಲ್ಲ, ಅವರಲ್ಲಿ ಸ್ಕಾಟ್ಲೆಂಡ್ ಎಂಬ ಬೇರೆ ಸೀಮೆಯವರೂ ಇದ್ದರು ಎಂದು ಹೇಳತೊಡಗಿದೆ. ಹಿಂದಿನಿಂದ ಒಬ್ಬ ಹುಡುಗಿ ಕೈ ಎತ್ತಿದಳು.

‘ಅಂಗಾರೆ ಅವರು ನಮ್ಮೂರಿಗೆ ಯಾಕ್ ಬಂದ್ರು ಮಿಸ್ಸು?’

ಒಳ್ಳೆಯ ಪ್ರಶ್ನೆ. ಕಲ್ಲುಕಟ್ಟೆಯ ಮೇಲೆ ಎಲ್ಲರನ್ನೂ ಕೂರಿಸಿ, ಕುರಿಗಳ ಕಥೆಯಿಂದ ಹೇಳಲು ಶುರು ಮಾಡಿದೆ. ಹಕಾರದ ವಿಷಯ ನಾಳೆ ಶಾಲೆಯಲ್ಲಿ ನೋಡಿದರಾಯಿತು ಎಂದುಕೊಂಡೆ.